ಸಂತೆಯಿಂದ ಬಂದ 24 ಮೇಕೆ: ಚಳ್ಳಕೆರೆ ಸೀಮೆಯ ಒಂದು ಉಸಿರಾಟದ ಬೇನೆಯ ಪ್ರಕರಣ

ಆ ಮಂಗಳವಾರ ಸಂಜೆ ಫೋನ್ ಬಂದಾಗ ನಾನು ಬೇರೊಂದು ಊರಿನಲ್ಲಿ, ಕರು ಅಡ್ಡ ಸಿಕ್ಕಿದ್ದ ಎಮ್ಮೆಯೊಂದರ ಹತ್ತಿರ ಇದ್ದೆ. ಕೈ ತೊಳೆದುಕೊಂಡು ಫೋನ್ ಎತ್ತಿದೆ. "ಸಾರ್, ಎರಡು ಮೇಕೆ ಮರಿಗೆ ನೆಗ್ಡಿ ಆಗೈತೆ. ಮೂಗಲ್ಲಿ ನೀರು ಸುರೀತೈತೆ. ಏನ್ ಮಾಡಾಣ?" ಎಂದು ಒಬ್ಬ ಹೆಣ್ಣುಮಗಳು ಕೇಳಿದರು. ಪುಷ್ಯ ಮಾಸ. ಚಳ್ಳಕೆರೆ ಬಯಲಿನಲ್ಲಿ ಹಗಲು ಬಿಸಿಲು ಚುರುಗುಟ್ಟುತ್ತದೆ, ಬೆಳಗಿನ ಜಾವ ಹಲ್ಲು ಕಟಗುಟ್ಟುತ್ತದೆ. "ಚಳಿಗೆ ಹಂಗಾಗಿರುತ್ತೆ ಅಮ್ಮ, ಬೆಚ್ಚಗಿಡಿ, ಎರಡು ದಿನ ನೋಡೋಣ" ಎಂದುಬಿಟ್ಟೆ.

ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಆ ಮರಿಗಳು ಮನೆಯಲ್ಲೇ ಹುಟ್ಟಿದವೋ, ಹೊಸದಾಗಿ ತಂದವೋ? ಕೇಳಿದ್ದರೆ ಅವತ್ತೇ ರಾತ್ರಿ ಹೋಗುತ್ತಿದ್ದೆ. "ಬೆಚ್ಚಗಿಡಿ" ಎಂದ ನನ್ನ ಮಾತನ್ನು ಆ ಮನೆಯವರು ಚಾಚೂ ತಪ್ಪದೆ ಪಾಲಿಸಿದರು. ಅದರಿಂದ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ ಎಂದಿದ್ದಾರೆ.

ಮೇಕೆಗಳು ಬಂದ ದಾರಿ

ನಾಲ್ಕು ಎಕರೆ ಮಳೆಯಾಶ್ರಿತ ಹೊಲ, ಎರಡು ವರ್ಷ ಸಾಲಾಗಿ ಕೈಕೊಟ್ಟ ಶೇಂಗಾ, ಮನೆಯಲ್ಲಿ 11 ನಾಟಿ ಮೇಕೆ. ಸಂಘದಿಂದ ಸಾಲ ಎತ್ತಿ ಮೇಕೆ ಹೆಚ್ಚಿಸಿಕೊಳ್ಳೋಣ ಎಂದು ಮನೆಯಾಕೆ ತೀರ್ಮಾನ ಮಾಡಿದರು. ಅವರ ತಮ್ಮ ಬಾಗಲಕೋಟೆ ಕಡೆಯ ದೊಡ್ಡ ಸಂತೆಯೊಂದಕ್ಕೆ ಹೋಗಿ 24 ಮೇಕೆ ಹಿಡಿದು ತಂದ. 14 ಉಸ್ಮಾನಾಬಾದಿ ತಳಿಯ ಹೆಣ್ಣು, ಒಂದು ಹೋತ, ನಾಲ್ಕೈದು ತಿಂಗಳ 9 ಮರಿಗಳು. ಹೆಣ್ಣುಗಳಲ್ಲಿ ಆರು ಗಬ್ಬ. ಎಲ್ಲವೂ ಒಂದೇ ಮನೆಯವಲ್ಲ, ಆರು ಜನರಿಂದ ಕೊಂಡವು. ಆಯ್ಕೆಯಲ್ಲಿ ಅವನ ತಪ್ಪೇನೂ ಇರಲಿಲ್ಲ. ಕಣ್ಣು, ಹಲ್ಲು, ಕಾಲು, ಮೈ ಎಲ್ಲ ನೋಡಿಯೇ ಕೊಂಡಿದ್ದ. ನಾನು ಹೋಗಿದ್ದರೂ ಹೆಚ್ಚುಕಡಿಮೆ ಅವನ್ನೇ ಆರಿಸುತ್ತಿದ್ದೆ.

ಆ ಶನಿವಾರ ಮೇಕೆಗಳಿಗೆ ಹೇಗೆ ಕಳೆಯಿತು ಎಂದು ಆಮೇಲೆ ಅವನನ್ನು ಕೂರಿಸಿಕೊಂಡು ಗಂಟೆಗಂಟೆಯ ಲೆಕ್ಕ ಕೇಳಿದೆ. ಮಾರುವವರು ನಸುಕಿನಲ್ಲೇ ತಮ್ಮ ಊರು ಬಿಟ್ಟಿರುತ್ತಾರೆ, ಮೇಕೆಗಳು ಮೇಯದೆ ಹೊರಟಿರುತ್ತವೆ. ಸಂತೆಯಲ್ಲಿ ದಿನವಿಡೀ ಬಿಸಿಲು, ದೂಳು, ಗುರುತಿಲ್ಲದ ನೂರಾರು ಕುರಿ ಮೇಕೆಗಳ ಉಸಿರು. ಸಂಜೆ ಆರಕ್ಕೆ 24ನ್ನೂ ಒಂದೇ ಪಿಕಪ್ಪಿಗೆ ತುಂಬಿದರು. ಚಳಿಗಾಳಿ ಹೊಡೆಯಬಾರದೆಂದು ಮೇಲೆ ಟಾರ್ಪಾಲು ಬಿಗಿದರು. ಇಳಕಲ್, ಕುಷ್ಟಗಿ, ಹೊಸಪೇಟೆ, ಕೂಡ್ಲಿಗಿ ದಾಟಿ ಊರು ಸೇರಿದಾಗ ಭಾನುವಾರ ಬೆಳಗಿನ ಜಾವ ಐದು ಗಂಟೆ. ಹೆಚ್ಚುಕಡಿಮೆ ಒಂದು ಪೂರ್ತಿ ದಿನ ಅವುಗಳ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಟಾರ್ಪಾಲಿನ ಕೆಳಗೆ ಉಚ್ಚೆಯ ಘಾಟು, ಬಿಸಿ, ಒಂದರ ಮೂತಿಗೆ ಇನ್ನೊಂದರ ಮೂತಿ.

ಬಂದ ಮೇಲೆ ಆದದ್ದು ಇನ್ನೂ ಹೆಚ್ಚು. ಆದರೆ ಅದೆಲ್ಲವೂ ಪ್ರೀತಿಯಿಂದಲೇ ಆದದ್ದು. ಸಂತೆಯ ಕೊಳೆ ಹೋಗಲಿ ಎಂದು ಬೆಳಗ್ಗೆ ಏಳಕ್ಕೆಲ್ಲ ಬೋರಿನ ನೀರಿನಲ್ಲಿ ಮೈ ತೊಳೆದರು. ಹಸಿದಿವೆ ಎಂದು ಮೆಕ್ಕೆಜೋಳದ ನುಚ್ಚು ಬಾನಿ ತುಂಬ ಸುರಿದರು. ಅದೇ ದಿನ ಎಲ್ಲಕ್ಕೂ ತಲೆ ಎತ್ತಿಹಿಡಿದು ಜಂತುಹುಳದ ಔಷಧ ಕುಡಿಸಿದರು. ಸಂಜೆಗೆ ಹಳೆಯ 11ರ ಜೊತೆ ಒಂದೇ ರೊಪ್ಪಕ್ಕೆ ಬಿಟ್ಟರು. ನೆಲಕ್ಕೆ ಮೆತ್ತಗಿರಲಿ ಎಂದು ಶೇಂಗಾ ಹೊಟ್ಟು ಹರಡಿದರು. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳಿಂದಾಗಿ ಅದು ಸುಲಭವಾಗಿ ಸಿಗುತ್ತದೆ. ಆದರೆ ಹಳೆಯ ಹೊಟ್ಟು ತುಳಿದಂತೆಲ್ಲ ಬೂದಿಯ ಹಾಗೆ ದೂಳೇಳುತ್ತದೆ, ಬೂಷ್ಟು ಬೇರೆ ಹಿಡಿದಿರುತ್ತದೆ.

ಮಂಗಳವಾರ ನಾನು "ಬೆಚ್ಚಗಿಡಿ" ಎಂದೆನಲ್ಲ, ಅಂದು ರಾತ್ರಿಯೇ ತಗಡಿನ ಶೀಟಿನ ರೊಪ್ಪದ ನಾಲ್ಕೂ ಕಡೆ ಗೋಣಿಚೀಲ, ಹಳೇ ಪ್ಲಾಸ್ಟಿಕ್ ಶೀಟು ಕಟ್ಟಿ, ಸೂರಿನ ಸಂದಿಯನ್ನೂ ಬಿಡದೆ ಮುಚ್ಚಿದರು. 35 ಮೇಕೆಗಳ ಉಚ್ಚೆಯ ಅಮೋನಿಯಾ ಹೊರಗೆ ಹೋಗಲು ದಾರಿಯೇ ಉಳಿಯಲಿಲ್ಲ.

ಗೊಟ್ಟ

ಬುಧವಾರ ಮೂರು ಮರಿ ಮತ್ತು ಒಂದು ದೊಡ್ಡ ಹೆಣ್ಣು ಮೇವು ಮೂಸಿ ಹಿಂದೆ ಸರಿದವು. ಮನೆಯ ಅಜ್ಜಿ, ಮನೆಯಾಕೆಯ ಅತ್ತೆ, ಅರವತ್ತು ವರ್ಷದಿಂದ ಕುರಿ ಮೇಕೆ ನೋಡಿದವರು. ಗೌರಸಮುದ್ರದ ಮಾರಮ್ಮನಿಗೆ ಹರಕೆ ಕಟ್ಟಿಕೊಂಡು, ಮೆಣಸು, ಬೆಳ್ಳುಳ್ಳಿ, ವೀಳ್ಯದೆಲೆ ಅರೆದು, ಶೇಂಗಾ ಎಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ, ಅಂದರೆ ಔಷಧವನ್ನು ಬಾಯಿಗೆ ಹೊಯ್ಯುವ ಕೊಳವೆಯಲ್ಲಿ, ನಾಲ್ಕಕ್ಕೂ ಕುಡಿಸಿದರು. ಒಂದು ಮರಿ ಕುಡಿಸುವಾಗಲೇ ಕೆಮ್ಮಿ ಒದ್ದಾಡಿತಂತೆ. ಅದೇ ರಾತ್ರಿ ಸತ್ತಿತು. ನಾನು ಹೋಗುವುದರೊಳಗೆ ಹೂತುಬಿಟ್ಟಿದ್ದರು.

ಗೊಟ್ಟದ ಬಗ್ಗೆ ಇಲ್ಲಿ ನಿಂತು ಸ್ವಲ್ಪ ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಔಷಧ ಎಂದರೆ ಗೊಟ್ಟ ಎನ್ನುವಷ್ಟು ಅದು ರೂಢಿ. ಗಟ್ಟಿಮುಟ್ಟಾದ ಮೇಕೆಗೆ, ನಿಧಾನವಾಗಿ, ಮೂತಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಎತ್ತದೆ, ಕೆನ್ನೆಯ ಪಕ್ಕದಿಂದ ಗುಟುಕು ಗುಟುಕಾಗಿ ಕೊಟ್ಟರೆ ತೊಂದರೆ ಕಡಿಮೆ. ಆದರೆ ಮೂಗು ಕಟ್ಟಿ ಏದುಸಿರು ಬಿಡುತ್ತಿರುವ ಮೇಕೆ ನುಂಗುವುದಕ್ಕೂ ಉಸಿರೆಳೆಯುವುದಕ್ಕೂ ಒಂದೇ ಹೊತ್ತಿನಲ್ಲಿ ಹೆಣಗುತ್ತಿರುತ್ತದೆ. ಅದರ ತಲೆ ಎತ್ತಿ ಎಣ್ಣೆ ಹೊಯ್ದರೆ ಅರ್ಧ ಹೊಟ್ಟೆಗೆ, ಅರ್ಧ ಗಾಳಿಗೊಳವೆಗೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೆಮ್ಮಿ ಹೊರಹಾಕುವುದೂ ಕಷ್ಟ, ಕರಗುವುದೂ ಇಲ್ಲ. ಆ ಜಾಗವೇ ಕೊಳೆಯುತ್ತದೆ. ಏದುಸಿರಿರುವ ಮೇಕೆಗೆ ಬಾಯಿಂದ ಏನನ್ನೂ ಹೊಯ್ಯಬೇಡಿ. ನಮ್ಮ ಔಷಧವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಗುರುವಾರ ಬೆಳಗ್ಗೆ

ಮತ್ತೊಂದು ಮರಿ ಸತ್ತು ಬಿದ್ದಿದೆ ಎಂದು ಫೋನ್ ಬಂತು. ಅದಕ್ಕೆ ಗೊಟ್ಟ ಹಾಕಿರಲಿಲ್ಲ, ಹಿಂದಿನ ಸಂಜೆ ಮೇವು ತಿನ್ನುತ್ತಲೂ ಇತ್ತು ಎಂದರು. ಇಷ್ಟು ಹೊತ್ತಿಗೆ ನನಗೂ "ಹೊಸವಾ?" ಎಂದು ಕೇಳುವ ಬುದ್ಧಿ ಬಂದಿತ್ತು.

ರೊಪ್ಪದೊಳಗೆ ಕಾಲಿಟ್ಟಾಗ ನಿಂತವನಿಗೆ ಅಷ್ಟೇನೂ ಘಾಟು ಅನ್ನಿಸಲಿಲ್ಲ. ಮೊಣಕಾಲೂರಿ ಮೇಕೆಯ ಮೂಗಿನ ಮಟ್ಟಕ್ಕೆ ತಲೆ ತಗ್ಗಿಸಿದೆ. ಅರ್ಧ ನಿಮಿಷಕ್ಕೇ ಕಣ್ಣಲ್ಲಿ ನೀರು ಬಂತು. ಮನೆಯಾಕೆಯನ್ನೂ ಹಾಗೇ ಕೂರಿಸಿದೆ. "ಅಯ್ಯೋ ಸಾರ್, ರಾತ್ರಿಯೆಲ್ಲ ಇದ್ನೇ ಕುಡಿದಾವಾ ಇವು?" ಎಂದವರೇ, ನಾನು ಹೇಳುವ ಮೊದಲೇ ಎದ್ದು ಗೋಣಿ ಹರಿಯತೊಡಗಿದರು.

ಉಳಿದ 22 ಹೊಸ ಮೇಕೆಗಳಿಗೂ ಥರ್ಮಾಮೀಟರ್ ಇಟ್ಟೆವು. ಆರೋಗ್ಯವಾಗಿರುವ ಮೇಕೆಯ ಮೈ ಬಿಸಿ ಹೆಚ್ಚುಕಡಿಮೆ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್. ಅವತ್ತು 13ಕ್ಕೆ 104ಕ್ಕಿಂತ ಮೇಲಿತ್ತು, ಒಂದಕ್ಕೆ 106.4. ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಲೆಕ್ಕ. ಆ 13ರಲ್ಲಿ ಕೆಮ್ಮುತ್ತಿದ್ದವು ಐದೇ ಐದು. ಉಳಿದ ಎಂಟು ಸುಮ್ಮನೆ ನಿಂತಿದ್ದವು. ಕಿವಿ ಸ್ವಲ್ಪ ಇಳಿಬಿದ್ದಿದೆ, ಮೆಲುಕು ನಿಂತಿದೆ, ಬಾನಿಯ ಹತ್ತಿರ ಬಂದು ಮೂಸಿ ಹಿಂದೆ ಹೋಗುತ್ತಿವೆ. ಬರೀ ಕಣ್ಣಲ್ಲಿ ನೋಡುವವರು ಅವನ್ನು "ಆರಾಮಾಗವೆ" ಎನ್ನುತ್ತಿದ್ದರು. ಮನೆಯವರೂ ಹಾಗೇ ಅಂದಿದ್ದರು.

ಪಕ್ಕೆಯ ಏರಿಳಿತ ಎಣಿಸಿದರೆ ಕೆಮ್ಮುತ್ತಿದ್ದವುಗಳ ಉಸಿರು ನಿಮಿಷಕ್ಕೆ 60ರ ಆಸುಪಾಸು. ವಿಶ್ರಾಂತಿಯಲ್ಲಿರುವ ಮೇಕೆಗೆ 15ರಿಂದ 30 ಇರಬೇಕು. ಮುಂಗಾಲಿನ ಸಂದಿಯಲ್ಲಿ, ಎದೆಯ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಒಣ ಎಲೆ ತುಳಿದಂತೆ ಚರಚರ ಶಬ್ದ. ಕೆಲವಕ್ಕೆ ಆ ಜಾಗದಲ್ಲಿ ಶಬ್ದವೇ ಇಲ್ಲ. ಶಬ್ದವಿಲ್ಲದ್ದು ಹೆಚ್ಚು ಕೆಟ್ಟದ್ದು, ಅಲ್ಲಿಗೆ ಗಾಳಿಯೇ ಹೋಗುತ್ತಿಲ್ಲ ಎಂದರ್ಥ.

ಏನಿರಬಹುದು, ಏನಲ್ಲ

ಹೊಸ ಮೇಕೆಗಳಲ್ಲಿ ಜ್ವರ, ಮೂಗಿನ ನೀರು, ಸಾವು ಎಂದರೆ ಮೊದಲು ಎದೆ ಧಸಕ್ಕೆನ್ನುವುದು ಪಿಪಿಆರ್‌ಗೆ. ಕುರಿ ಮೇಕೆಗಳ ಪ್ಲೇಗ್ ಎಂದು ಕರೆಯುವ ಈ ವೈರಸ್ ರೋಗ ಭಾರತದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ಈಗ 2030ರೊಳಗೆ ತೊಡೆದುಹಾಕುವ ಗುರಿಯಿಟ್ಟು ಲಸಿಕೆ ಹಾಕುತ್ತಿದ್ದಾರೆ. ಅದು ಹೊಕ್ಕಿದ್ದರೆ ಈ ರೊಪ್ಪದ ಜೊತೆಗೆ ಇಡೀ ಊರಿನ ಮಂದೆಗಳ ಬಗ್ಗೆಯೇ ಯೋಚಿಸಬೇಕಾಗುತ್ತಿತ್ತು. ಹಾಗಾಗಿ ಪ್ರತಿ ಮೇಕೆಯ ತುಟಿ ಮಗುಚಿ ಒಸಡು, ನಾಲಿಗೆಯ ಅಡಿ, ಕೆನ್ನೆಯ ಒಳಭಾಗ ನೋಡಿದೆ. ಹುಣ್ಣಿಲ್ಲ, ತವುಡು ಅಂಟಿದಂಥ ಬಿಳಿ ಪೊರೆಯಿಲ್ಲ, ಬಾಯಿ ನಾರುತ್ತಿಲ್ಲ. ಕಣ್ಣಲ್ಲಿ ಕೀವಿಲ್ಲ. ಹಿಕ್ಕೆ ಗುಂಡಾಗಿಯೇ ಇದೆ. ಎರಡಕ್ಕೆ ಮಾತ್ರ ಮೆತ್ತಗಾಗಿತ್ತು, ಅದಕ್ಕೆ ಮೆಕ್ಕೆಜೋಳದ ನುಚ್ಚೇ ಸಾಕಷ್ಟು ಕಾರಣ. ಹಳೆಯ 11ಕ್ಕೆ ಹಿಂದಿನ ವರ್ಷ ಪಿಪಿಆರ್ ಲಸಿಕೆ ಆಗಿತ್ತು.

ಸತ್ತ ಮರಿಯನ್ನು ಹುಣಸೆ ಮರದ ಕೆಳಗೆ ಬಿಚ್ಚಿದೆ. ಮನೆಯಾಕೆಯ ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ಬೇಕೆಂದೇ ನಿಲ್ಲಿಸಿಕೊಂಡಿದ್ದೆ. ಒಳ್ಳೆಯ ಶ್ವಾಸಕೋಶ ನಸುಗೆಂಪಾಗಿ ಸ್ಪಂಜಿನ ಹಾಗಿರುತ್ತದೆ. ಈ ಮರಿಯದು ಎರಡೂ ಕಡೆ ಮುಂದಿನ, ಕೆಳಗಿನ ಹಾಲೆಗಳು ಕಪ್ಪುಗೆಂಪಾಗಿ, ಮುಟ್ಟಿದರೆ ಈಲಿಯ (ಪಿತ್ತಜನಕಾಂಗದ) ಹಾಗೆ ಗಟ್ಟಿ. ಮೇಲೆ ಹಳದಿ ಕೆನೆಯಂಥ ಪೊರೆ ಪಕ್ಕೆಲುಬಿಗೆ ಅಂಟಿಕೊಂಡಿತ್ತು. ಒಂದು ತುಂಡು ಕತ್ತರಿಸಿ ನೀರಿನ ಲೋಟಕ್ಕೆ ಹಾಕಿದೆ. ಮುಳುಗಿತು. "ತೇಲಬೇಕಿತ್ತು" ಎಂದೆ. ತಮ್ಮ ಏನೂ ಮಾತಾಡಲಿಲ್ಲ. ಕರುಳಿನಲ್ಲಿ ಪಿಪಿಆರ್‌ನ ಪಟ್ಟೆಪಟ್ಟೆ ರಕ್ತಗೆರೆ ಇರಲಿಲ್ಲ. ಮೇಕೆಗಳನ್ನೇ ಹಿಡಿಯುವ, ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸಾಂಕ್ರಾಮಿಕ ನ್ಯುಮೋನಿಯಾ ಸಾಮಾನ್ಯವಾಗಿ ಒಂದೇ ಬದಿಯ ಶ್ವಾಸಕೋಶವನ್ನು ಹಿಡಿದು, ಎದೆಯ ತುಂಬ ಹುಲ್ಲುಬಣ್ಣದ ನೀರು ತುಂಬಿಸುತ್ತದೆ. ಇಲ್ಲಿ ಎರಡೂ ಬದಿ ಕೆಟ್ಟಿತ್ತು, ನೀರು ಅಷ್ಟಿರಲಿಲ್ಲ.

ಹಾಗಾಗಿ ನನ್ನ ಅಂದಾಜು ಸಾಗಣೆ ಜ್ವರ, ಅಂದರೆ ಮ್ಯಾನ್‌ಹೈಮಿಯಾ ಹಿಮೊಲಿಟಿಕಾ, ಪಾಶ್ಚುರೆಲ್ಲಾ ಗುಂಪಿನ ಬ್ಯಾಕ್ಟೀರಿಯಾಗಳಿಂದ ಬರುವ ನ್ಯುಮೋನಿಯಾ. ಶ್ವಾಸಕೋಶದ ತುಂಡು ಮತ್ತು ನಾಲ್ಕು ಮೇಕೆಗಳ ಮೂಗಿನ ದ್ರವವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿದೆ. ವರದಿ ಬರುವವರೆಗೆ ಪಿಪಿಆರ್ ಇದೆ ಎಂದೇ ತಿಳಿದು ನಡೆಯಿರಿ ಎಂದೆ. ಮೇಕೆಗಳನ್ನು ಊರ ಮಂದೆಯ ಜೊತೆ ಮೇಯಲು ಬಿಡುವಂತಿಲ್ಲ, ಕೆರೆಯಲ್ಲಿ ನೀರು ಕುಡಿಸುವಂತಿಲ್ಲ, ಒಂದನ್ನೂ ಮಾರುವಂತಿಲ್ಲ. ಸತ್ತವನ್ನು ಆಳವಾಗಿ ಹೂತು ಸುಣ್ಣ ಹಾಕಬೇಕು, ಹಳ್ಳಕ್ಕೆ ಎಸೆಯಬಾರದು.

ಈ ಬ್ಯಾಕ್ಟೀರಿಯಾ ಸಂತೆಯಿಂದ ಬಂತೋ, ಮಾರಿದವನಿಂದ ಬಂತೋ ಎಂದು ತಮ್ಮ ಕೇಳಿದ. ಹೊರಗಿನಿಂದಲೇ ಬರಬೇಕೆಂದಿಲ್ಲ. ಅದು ಆರೋಗ್ಯವಾಗಿರುವ ಮೇಕೆಯ ಮೂಗು, ಗಂಟಲಿನಲ್ಲೂ ತಣ್ಣಗೆ ಕೂತಿರುತ್ತದೆ. ಗಾಳಿಗೊಳವೆಯ ಒಳಗಿನ ನವಿರು ಕೂದಲುಗಳು ದೂಳು, ಕಫ, ಬ್ಯಾಕ್ಟೀರಿಯಾಗಳನ್ನು ಸದಾ ಮೇಲಕ್ಕೆ ಗುಡಿಸುತ್ತಿರುತ್ತವೆ. ನೀರಡಿಕೆಯಿಂದ ಒಣಗಿದಾಗ, ಅಮೋನಿಯಾ ಸುಟ್ಟಾಗ ಆ ಗುಡಿಸುವ ಕೆಲಸ ನಿಲ್ಲುತ್ತದೆ. ಹಸಿವು, ಭಯ, ದಣಿವಿನಿಂದ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಆಗ ಗಂಟಲಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿ ಅದು ಬಿಡುವ ವಿಷ, ತನ್ನನ್ನು ಕೊಲ್ಲಲು ಬಂದ ಬಿಳಿ ರಕ್ತಕಣಗಳನ್ನೇ ಒಡೆಯುತ್ತದೆ. ಒಡೆದ ಕಣಗಳಿಂದ ಸೋರಿದ ರಸ ಮೇಕೆಯ ಸ್ವಂತ ಶ್ವಾಸಕೋಶವನ್ನು ಸುಡುತ್ತದೆ. ಇಂಜೆಕ್ಷನ್ನಿಗೆ ಬ್ಯಾಕ್ಟೀರಿಯಾ ಸತ್ತರೂ ಸುಟ್ಟ ಜಾಗ ಮೊದಲಿನಂತಾಗದಿರುವುದು ಇದಕ್ಕೇ. ಕೆಮ್ಮು ಕೇಳುವ ಹೊತ್ತಿಗೆ ಎಷ್ಟೋ ಸುಟ್ಟುಹೋಗಿರುತ್ತದೆ.

ಚಿಕಿತ್ಸೆ

ಜ್ವರವಿದ್ದ 13ಕ್ಕೂ ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟೆ. ಕಿಲೋ ತೂಕಕ್ಕೆ 20 ಮಿಲಿಗ್ರಾಂ, ಸ್ನಾಯುವಿಗೆ, ಮೂರು ದಿನ ಬಿಟ್ಟು ಇನ್ನೊಂದು. ತೂಕವನ್ನು ಕಣ್ಣಳತೆಯಲ್ಲಿ ಅಂದಾಜಿಸಲಿಲ್ಲ, ಶೇಂಗಾ ತೂಗುವ ನೇತಾಡುವ ತಕ್ಕಡಿಗೆ ಗೋಣಿಯ ಜೋಲಿ ಕಟ್ಟಿ ತೂಗಿದೆವು. ಪೆನ್ಸಿಲಿನ್ ಯಾಕೆ ಬೇಡ ಎಂದರೆ, ಮೈಕೊಪ್ಲಾಸ್ಮಾ ಇನ್ನೂ ಪೂರ್ತಿ ಅನುಮಾನದಿಂದ ಆಚೆ ಹೋಗಿರಲಿಲ್ಲ. ಆ ಜೀವಿಗೆ ಕೋಶಭಿತ್ತಿಯೇ ಇಲ್ಲ, ಪೆನ್ಸಿಲಿನ್ ಕೆಲಸ ಮಾಡುವುದು ಕೋಶಭಿತ್ತಿಯ ಮೇಲೆ. ಜ್ವರ ಮತ್ತು ಉರಿಯೂತಕ್ಕೆ ಮೆಲೊಕ್ಸಿಕಾಂ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮುಟ್ಟಲಿಲ್ಲ. ಅದನ್ನು ಕೊಟ್ಟರೆ ಮೇಕೆ ಒಂದು ಗಂಟೆಯಲ್ಲಿ ಎದ್ದು ಮೇಯುವುದನ್ನು ನೋಡಿ ಜನ ಸಂತೋಷಪಡುತ್ತಾರೆ, ನಿಜ. ಆದರೆ ಅದು ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸುತ್ತದೆ, ದಿನ ತುಂಬುತ್ತಿರುವ ಗಬ್ಬದ ಮೇಕೆ ಕಂದು ಹಾಕಬಹುದು, ಅಂದರೆ ಗರ್ಭಪಾತವಾಗಬಹುದು. ಇಲ್ಲಿ ಆರು ಗಬ್ಬದವಿದ್ದವು. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ದನಗಳ ನ್ಯುಮೋನಿಯಾಕ್ಕೆ ಬಳಸುವ ಟಿಲ್ಮಿಕೋಸಿನ್ ಇಂಜೆಕ್ಷನ್ ಮೇಕೆಯ ಹೃದಯಕ್ಕೆ ವಿಷ, ಪ್ರಾಣವನ್ನೇ ತೆಗೆಯಬಹುದು. ದನಕ್ಕೆ ತಂದು ಉಳಿದದ್ದನ್ನು ಮೇಕೆಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ.

ಜ್ವರವಿಲ್ಲದ ಒಂಬತ್ತಕ್ಕೆ ಏನು ಮಾಡಬೇಕು? ಅರ್ಧಕ್ಕಿಂತ ಹೆಚ್ಚಿನವಕ್ಕೆ ಜ್ವರವಿರುವಾಗ ಎಲ್ಲಕ್ಕೂ ಔಷಧ ಹಾಕಿಬಿಡಬೇಕು ಎನ್ನುವವರಿದ್ದಾರೆ, ಆ ವಾದದಲ್ಲಿ ಹುರುಳೂ ಇದೆ. ನಾನು ಹಾಕಲಿಲ್ಲ. ಅದಕ್ಕೆ ಒಂದೇ ಕಾರಣ, ಆ ಮನೆಯ ಪಿಯುಸಿ ಓದುವ ಮಗಳು. "ಸಾರ್, ನಾನು ನೋಡ್ತೀನಿ, ಹೆಂಗಿಡಬೇಕು ತೋರ್ಸಿ" ಎಂದಳು. ಔಷಧ ಅಂಗಡಿಯಲ್ಲಿ ಸಿಗುವ ಮನುಷ್ಯರ ಡಿಜಿಟಲ್ ಥರ್ಮಾಮೀಟರೇ ಸಾಕು. ತುದಿಗೆ ಸ್ವಲ್ಪ ಎಣ್ಣೆ ಸವರಿ, ಗುದದೊಳಗೆ ಬದಿಯ ಗೋಡೆಗೆ ತಾಗುವಂತೆ ಇಟ್ಟು, ಪೀಪಿ ಎನ್ನುವವರೆಗೆ ಹಿಡಿದುಕೊಳ್ಳಬೇಕು. ಹಿಕ್ಕೆಯ ಮಧ್ಯಕ್ಕೆ ಚುಚ್ಚಿದರೆ ಲೆಕ್ಕ ತಪ್ಪುತ್ತದೆ. ಬಿಸಿಲೇರಿದ ಮೇಲೆ ಮೈ ಬಿಸಿ ಹೇಗೂ ಸ್ವಲ್ಪ ಏರುವುದರಿಂದ ನಸುಕಿನ ಲೆಕ್ಕವೇ ನಂಬಿಕೆಯದ್ದು. ಅವಳು ಮೇಕೆಗಳ ಬೆನ್ನಿಗೆ ಬಣ್ಣದಲ್ಲಿ ನಂಬರು ಹಾಕಿ, ರೂಲು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಎರಡು ಹೊತ್ತೂ ಬರೆದಳು. ಮೈ ಬಿಸಿ, ಮೇವು ತಿಂದಿತೋ ಇಲ್ಲವೋ, ಮೆಲುಕು ಹಾಕಿತೋ ಇಲ್ಲವೋ. ಅವಳಿಲ್ಲದಿದ್ದರೆ ಆ ಒಂಬತ್ತಕ್ಕೂ ಅವತ್ತೇ ಇಂಜೆಕ್ಷನ್ ಹಾಕುತ್ತಿದ್ದೆ.

ಔಷಧಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ರೊಪ್ಪದ ಕೆಲಸ. ಹೊಟ್ಟನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿ, ನೆಲಕ್ಕೆ ಸುಣ್ಣ ಎರಚಿ, ಒಣ ರಾಗಿ ಹುಲ್ಲು ಹಾಸಿದೆವು. ಗೋಣಿಯನ್ನು ನೆಲದಿಂದ ಮೂರಡಿಯವರೆಗೆ ಮಾತ್ರ ಉಳಿಸಿದೆವು. ಮಲಗಿದ ಮೇಕೆಗೆ ಗಾಳಿ ನೇರ ಹೊಡೆಯಬಾರದು, ಘಾಟು ಮಾತ್ರ ಮೇಲಿಂದ ಹೋಗಬೇಕು. ಮೇಕೆಗೆ ಚಳಿ ತಡೆಯುವ ಶಕ್ತಿ ನಾವು ತಿಳಿದಿರುವುದಕ್ಕಿಂತ ಹೆಚ್ಚಿದೆ, ಒದ್ದೆ ಮೈಯನ್ನೂ ಕಟ್ಟಿದ ಗಾಳಿಯನ್ನೂ ಅದು ತಡೆಯಲಾರದು. ಹಳೆಯ 11ನ್ನು ಹುಣಸೆ ಮರದ ಕೆಳಗೆ ಬೇರೆ ಮಾಡಿ, ಬೇರೆ ಬಕೆಟ್ ಕೊಟ್ಟೆವು. ಬೆಳಗ್ಗೆ ಮೊದಲು ಹಳೆಯವನ್ನು ನೋಡಿ ಆಮೇಲೆ ಹೊಸವಕ್ಕೆ ಹೋಗಬೇಕು, ತಿರುಗಾಮುರುಗಾ ಓಡಾಡಬಾರದು. ನುಚ್ಚು ನಿಲ್ಲಿಸಿ, ಬೇವಿನ ಸೊಪ್ಪು, ಜಾಲಿ ಸೊಪ್ಪು, ಒಣ ಹುಲ್ಲು. ಉಗುರುಬೆಚ್ಚಗಿನ ನೀರಿಗೆ ಬೆಲ್ಲ, ಉಪ್ಪು ಹಾಕಿ ಬಾನಿಯಲ್ಲಿಟ್ಟೆವು. ತಾವಾಗಿ ಕುಡಿದರೆ ಕುಡಿಯಲಿ, ಹೊಯ್ಯುವುದು ಬೇಡ.

ತಮ್ಮ ಕೈಮುಗಿದು ಕೇಳಿದ್ದು ಒಂದೇ. "ಸಾರ್, ಎಲ್ಲಕ್ಕೂ ಪಿಪಿಆರ್ ಲಸಿಕೆ ಹಾಕ್ಬಿಡಿ ಸಾರ್." ಒಪ್ಪಲಿಲ್ಲ. ಜ್ವರದಲ್ಲಿ ಬೇಯುತ್ತಿರುವ ಮೈ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಾಕಿಸಿದ್ದೇವೆ ಎಂಬ ಸುಳ್ಳು ಧೈರ್ಯ ಮಾತ್ರ ಉಳಿಯುತ್ತದೆ. ಎಲ್ಲ ಚೇತರಿಸಿಕೊಂಡು ಎರಡು ವಾರ ಕಳೆಯಲಿ ಎಂದೆ.

ಎರಡು ವಾರದ ನೋಟ್‌ಬುಕ್

ಶನಿವಾರ ಬೆಳಗ್ಗೆ ನೋಟ್‌ಬುಕ್ ನೋಡಿದರೆ 13ರಲ್ಲಿ ಒಂಬತ್ತರ ಜ್ವರ 103.5ರ ಕೆಳಗೆ ಇಳಿದಿತ್ತು, ಎಂಟು ಮೆಲುಕು ಹಾಕುತ್ತಿದ್ದವು. ನಾಲ್ಕಕ್ಕೆ ಇಳಿದಿರಲಿಲ್ಲ. ಅವಕ್ಕೆ ಔಷಧ ಬದಲಿಸಿ ಸೆಫ್ಟಿಯೋಫರ್ ಎಂಬ ಇನ್ನೊಂದು ಆಂಟಿಬಯಾಟಿಕ್ ಶುರುಮಾಡಿದೆ. ಅದೇ ಮಧ್ಯಾಹ್ನ ಗೊಟ್ಟ ಹಾಕಿಸಿಕೊಂಡಿದ್ದ ದೊಡ್ಡ ಹೆಣ್ಣು ಸತ್ತಿತು. ಬಿಚ್ಚಿ ನೋಡಿದರೆ ಗಾಳಿಗೊಳವೆಯಲ್ಲಿ ಎಣ್ಣೆಯ ಜಿಡ್ಡು, ಬಲಗಡೆಯ ಮುಂದಿನ ಹಾಲೆ ಹಸಿರುಗಪ್ಪಾಗಿ ಕೊಳೆತು ಮೂಗು ಮುಚ್ಚಿಕೊಳ್ಳುವಷ್ಟು ನಾತ. ಅಜ್ಜಿಗೆ ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಅವರೇ ಬಂದು ನೋಡಿದರು, ಮೆಣಸಿನ ಚೂರನ್ನು ಗುರುತು ಹಿಡಿದರು. "ನಾನೇ ಕೊಂದೆ ಅನ್ನಪ್ಪಾ" ಎಂದರು. "ಇಲ್ಲಮ್ಮ, ನಿಮಗಿಂತ ಮುಂಚೆ ನಾನು ಬರಬೇಕಿತ್ತು" ಎಂದೆ. ಅವರನ್ನು ಸಮಾಧಾನ ಮಾಡಲೆಂದು ಆಡಿದ ಮಾತಲ್ಲ ಅದು.

ಭಾನುವಾರ, ಗೊಟ್ಟ ಹಾಕಿಸಿಕೊಂಡಿದ್ದ ಇನ್ನೊಂದು ಮರಿಯೂ ಹೋಯಿತು. ಒಟ್ಟು ನಾಲ್ಕು ಸತ್ತವು, ಮೂರು ಮರಿ, ಒಂದು ದೊಡ್ಡದು. ನಾಲ್ಕರಲ್ಲಿ ಮೂರಕ್ಕೆ ಗೊಟ್ಟ ಬಿದ್ದಿತ್ತು.

ಜ್ವರವಿಲ್ಲದ ಒಂಬತ್ತರಲ್ಲಿ ಎರಡಕ್ಕೆ ಶುಕ್ರವಾರ ಸಂಜೆ 104.4, 104.8 ಬಂತು. ಮಗಳು ಕೂಡಲೇ ಫೋನ್ ಮಾಡಿದಳು, ರಾತ್ರಿಯೇ ಇಂಜೆಕ್ಷನ್ ಆಯಿತು. ಮರುದಿನ ಸಂಜೆಗೆ ಎರಡೂ ಬಾನಿಗೆ ಬಾಯಿ ಹಾಕಿದ್ದವು. ಅವು ಒಂದು ಸಲವೂ ಕೆಮ್ಮಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡುವುದು ನೋಟ್‌ಬುಕ್ಕಿನ ಆ ಎರಡು ಸಾಲುಗಳನ್ನು. ಹಳೆಯ ಮೇಕೆಗಳಲ್ಲಿ ಒಂದಕ್ಕೆ ಜ್ವರ ಬಂದು ಇಳಿಯಿತು. ಹನ್ನೆರಡನೇ ದಿನ ಒಂದು ಗಬ್ಬದ ಮೇಕೆ ಕಂದು ಹಾಕಿತು, ಜ್ವರದ ಏಟಿಗೆ ಇರಬೇಕು. ಬದುಕಿದ ಮರಿಗಳಲ್ಲಿ ಎರಡಕ್ಕೆ ಆಮೇಲೂ ಮೈ ಹತ್ತಲಿಲ್ಲ, ಓಡಿದರೆ ಏದುಸಿರು.

ಪ್ರಯೋಗಾಲಯದ ವರದಿ ಒಂಬತ್ತನೇ ದಿನ ಬಂತು. ಪಿಪಿಆರ್ ಇಲ್ಲ. ಶ್ವಾಸಕೋಶದಲ್ಲಿ ಮ್ಯಾನ್‌ಹೈಮಿಯಾ ಬೆಳೆದಿತ್ತು. ಎಲ್ಲ ಚೇತರಿಸಿಕೊಂಡ ಮೇಲೆ, ಫೆಬ್ರುವರಿಯಲ್ಲಿ, ಪಿಪಿಆರ್ ಲಸಿಕೆ ಹಾಕಿದೆವು. ಅದಾಗಿ ಕೆಲವು ವಾರಕ್ಕೆ ಕರುಳು ನಂಜಿನ ಲಸಿಕೆ. ಔಷಧ ಬಿದ್ದ ಮೇಕೆಗಳ ಹಾಲು, ಮಾಂಸವನ್ನು ಲೇಬಲ್ಲಿನ ಮೇಲೆ ಬರೆದಷ್ಟು ದಿನ ಬಳಸಬಾರದೆಂದು ಹೇಳಿದ್ದೆ, ಪಾಲಿಸಿದರು.

ಮೊದಲು ಸತ್ತ ಮರಿಯನ್ನು ಹೂತುಬಿಟ್ಟಿದ್ದರಿಂದ ಒಂದು ನಷ್ಟವೂ ಆಯಿತು. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿ ಮೇಕೆಗೆ ಪರಿಹಾರವಿದೆ. ಆದರೆ ವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ದೃಢೀಕರಿಸಬೇಕು. ಮೇಕೆ ಸತ್ತರೆ ಹೂಳುವ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಬದುಕಿರುವಾಗಲೇ ತಿಳಿಸುವುದು ಇನ್ನೂ ಒಳ್ಳೆಯದು, ಸಂಚಾರಿ ಚಿಕಿತ್ಸೆಗೆ 1962ಕ್ಕೆ ಕರೆ ಮಾಡಬಹುದು.

ಈಗ ನಾನು ಹೇಳುವುದು

ಹೊಸ ಮೇಕೆ ತಂದಿದ್ದೇವೆ ಎಂದು ಫೋನ್ ಬಂದರೆ ಈಗ ಹೀಗೆ ಹೇಳುತ್ತೇನೆ. ಇಳಿಸಿದ ಕೂಡಲೇ ನೀರು, ಆಮೇಲೆ ಒಣ ಹುಲ್ಲು, ಸೊಪ್ಪು. ಮೊದಲ ಎರಡು ಮೂರು ದಿನ ಬೇರೇನೂ ಬೇಡ. ಮೈ ತೊಳೆಯಬೇಡಿ. ಜಂತುಹುಳದ ಔಷಧ, ಲಸಿಕೆ, ಕಿವಿ ಓಲೆ ಯಾವುದಕ್ಕೂ ಅವಸರವಿಲ್ಲ. ಕಾಳು, ನುಚ್ಚು ವಾರದ ಮೇಲೆ ಹಿಡಿಯಷ್ಟರಿಂದ ಶುರುವಾಗಲಿ. ಹಳೆಯ ಮೇಕೆಗಳಿಂದ ಮೂರು ವಾರ ದೂರವಿಡಿ. ದೂರ ಎಂದರೆ ಮೂತಿಗೆ ಮೂತಿ ತಾಗದಷ್ಟು, ಒಂದೇ ಬಾನಿ ನೆಕ್ಕದಷ್ಟು. ರಾತ್ರಿ ತರಲೇಬೇಕಾದರೆ ಗಾಡಿಯ ಮುಂಭಾಗಕ್ಕೆ ಮಾತ್ರ ಟಾರ್ಪಾಲು ಕಟ್ಟಿ, ಹಿಂದೆ ಗಾಳಿಯಾಡಲು ಬಿಡಿ. ಹೊರಡುವ ಮುಂಚೆ ನೀರು ಕುಡಿಸಿ, 24 ಇದ್ದರೆ ಎರಡು ಗಾಡಿ ಮಾಡಿ. ಎರಡನೇ ಗಾಡಿಯ ಬಾಡಿಗೆ ಒಂದು ಮೇಕೆಯ ಬೆಲೆಗಿಂತ ಕಡಿಮೆ ಎಂದು ಆ ತಮ್ಮನೇ ಈಗ ಊರವರಿಗೆ ಲೆಕ್ಕ ಹೇಳುತ್ತಾನೆ.

ಆಷಾಢದ ಗಾಳಿ ಎದ್ದಿದ್ದಾಗ ಆ ಮನೆಯವರು ಪಕ್ಕದ ಹಟ್ಟಿಯಿಂದ ಇನ್ನೈದು ಮೇಕೆ ತಂದರು. ತಂದ ನಾಲ್ಕನೇ ದಿನ ಬೆಳಗ್ಗೆ ಆರೂವರೆಗೆ ಮಗಳ ಫೋನ್. "ಸಾರ್, ಹೊಸವು. ಹುಣಸೆ ಮರದ ಕೆಳಗೆ ಬ್ಯಾರೆ ಕಟ್ಟಿದೀವಿ. ನಾಲ್ಕು ಚೆನ್ನಾಗವೆ. ಮೂರನೇ ನಂಬರಿಗೆ ನಿನ್ನೆ ಸಂಜೆ 103.2, ಇವತ್ತು ಬೆಳಿಗ್ಗೆ 104.2. ಸೊಪ್ಪು ಮೂಸಿ ಬಿಟ್ತೈತೆ." ಹತ್ತು ಗಂಟೆಗೆಲ್ಲ ಅಲ್ಲಿದ್ದೆ. ಎದೆಯಲ್ಲಿ ಇನ್ನೂ ಯಾವ ಶಬ್ದವೂ ಇರಲಿಲ್ಲ, ಉಸಿರು 34. ತೂಗಿ ಒಂದು ಇಂಜೆಕ್ಷನ್ ಹಾಕಿದೆ, ಮೂರು ದಿನ ಬಿಟ್ಟು ಇನ್ನೊಂದು. ಅಜ್ಜಿ ದೂರದಲ್ಲಿ ಕಟ್ಟೆಯ ಮೇಲೆ ಕೂತು ಆ ಮೇಕೆಗೆಂದು ಎಳೇ ಬೇವಿನ ಚಿಗುರನ್ನು ಬಿಡಿಸುತ್ತಿದ್ದರು.